ಬೆನ್ನು ಕಾಯುವಾಗ ಎದೆಯನ್ನೂ ಕಾಯಬೇಕು

ಬೈಲಕುಪ್ಪೆಯಿಂದ ಮೈಸೂರಿಗೆ ಸುಮಾರು 80 ಕಿಲೋಮೀಟರ್. ಪಿರಿಯಾಪಟ್ಟಣ, ಹುಣಸೂರು ದಾಟಿ ಬರುವ ಆ ರಸ್ತೆಯಲ್ಲಿ ಬೆನ್ನುಮೂಳೆಯ ರೋಗಿಗಳು ಬರುತ್ತಲೇ ಇರುತ್ತಾರೆ. ತೆಂಗಿನ ಮರದಿಂದ ಬಿದ್ದವರು, ಹೊಗೆಸೊಪ್ಪಿನ ಬ್ಯಾರನ್ನಿನೊಳಗೆ ಕಡ್ಡಿ ಏರಿಸುವಾಗ ಕಾಲು ಜಾರಿದವರು, ಹೆದ್ದಾರಿಯಲ್ಲಿ ಬೈಕ್ ಉರುಳಿಸಿಕೊಂಡವರು, ಮೂಳೆಗೆ ಟಿಬಿ ಇಳಿದು ಬೆನ್ನು ಗೂನಾದವರು, ಬೆಳೆಯುತ್ತ ಬೆಳೆಯುತ್ತ ಬೆನ್ನು ಒಂದು ಪಕ್ಕಕ್ಕೆ ವಾಲಿದ ಮಕ್ಕಳು. ಕೆ.ಆರ್. ನಗರ, ಎಚ್.ಡಿ. ಕೋಟೆ ಕಡೆಯವರೂ ಸೇರಿ ಇವರಲ್ಲಿ ಆಪರೇಷನ್ ಬೇಕಾದವರಿಗೆ ಅರಿವಳಿಕೆ ಕೊಡುವುದು ನನ್ನ ಕೆಲಸ. ಸರ್ಜನ್ ಬೆನ್ನು ನೋಡುತ್ತಾರೆ; ಉಸಿರು, ನಾಡಿ, ರಕ್ತದೊತ್ತಡ ನನ್ನ ಪಾಲಿನವು.

ಈಚಿನ ವರ್ಷಗಳಲ್ಲಿ ಓಟಿಯೊಳಗೆ ಇನ್ನೊಂದು ಯಂತ್ರ ಬಂದಿದೆ. ಆಪರೇಷನ್ ನಡೆಯುವಾಗಲೇ ಬೆನ್ನುಹುರಿ ಸರಿಯಾಗಿ ಕೆಲಸ ಮಾಡುತ್ತಿದೆಯೇ ಎಂದು ವಿದ್ಯುತ್ತಿನಿಂದ ಪರೀಕ್ಷಿಸುವ ಯಂತ್ರ ಅದು. ಎಷ್ಟೋ ಜನರ ಕಾಲು ಉಳಿಸಿದೆ. ಅಪರೂಪಕ್ಕೊಮ್ಮೆ ಅದೇ ಯಂತ್ರ ಹೃದಯದ ಲಯ ತಪ್ಪಿಸುವುದೂ ಉಂಟು. ಯಂತ್ರವನ್ನೂ ಬಿಡದೆ ಹೃದಯವನ್ನೂ ಬಿಟ್ಟುಕೊಡದೆ ಕೆಲಸ ಮಾಡುವುದು ಹೇಗೆಂದು ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಓಟಿಯಲ್ಲಿ ಕೆಲಸ ಮಾಡುವ ಕಿರಿಯರಿಗೆ ಇದು ಬೇಕು. ಮನೆಯವರನ್ನು ಆಪರೇಷನ್‌ಗೆ ಕರೆತರುವವರಿಗೂ ಬೇಕು.

1. ಕರೆಂಟ್ ಯಾಕೆ ಕೊಡುತ್ತೇವೆ ಎಂದು ಮೊದಲು ತಿಳಿದುಕೊಳ್ಳಿ

ವಾಲಿದ ಬೆನ್ನನ್ನು ಸ್ಕ್ರೂ, ರಾಡ್ ಹಾಕಿ ನೆಟ್ಟಗೆ ಮಾಡುವಾಗ ಬೆನ್ನುಹುರಿ ಎಳೆದು ಬಿಗಿಯಾಗಬಹುದು, ಅದಕ್ಕೆ ಹೋಗುವ ರಕ್ತ ಕಡಿಮೆಯಾಗಬಹುದು. ರೋಗಿಗೆ ಎಚ್ಚರವಿಲ್ಲ, ಕಾಲು ಜೋಮು ಹಿಡಿದಿದೆ ಎಂದು ಹೇಳುವಂತಿಲ್ಲ. 1973ರಲ್ಲಿ ಫ್ರಾನ್ಸಿನ ವೈದ್ಯರು ಇದಕ್ಕೊಂದು ದಾರಿ ಕಂಡುಕೊಂಡರು. ಆಪರೇಷನ್ ಮಧ್ಯದಲ್ಲೇ ಅರಿವಳಿಕೆ ಇಳಿಸಿ, ರೋಗಿಯನ್ನು ಅರ್ಧ ಎಬ್ಬಿಸಿ, ಪಾದ ಆಡಿಸು ಎನ್ನುವುದು. ಅವರಲ್ಲೊಬ್ಬರ ಹೆಸರಿನಿಂದ ಸ್ಟಾಗ್ನಾರಾ ಪರೀಕ್ಷೆ ಎಂದೇ ಹೆಸರಾದ ಅದು ಇಂದಿಗೂ ಬಳಕೆಯಲ್ಲಿದೆ. ಆದರೆ ಅದು ತಿಳಿಸುವುದು ಎಬ್ಬಿಸಿದ ಆ ಗಳಿಗೆಯ ಸ್ಥಿತಿಯನ್ನು ಮಾತ್ರ.

1980ರಲ್ಲಿ ಮರ್ಟನ್ ಮತ್ತು ಮಾರ್ಟನ್ ಎಂಬ ಇಬ್ಬರು ವಿಜ್ಞಾನಿಗಳು ತಲೆಬುರುಡೆ ತೆರೆಯದೆ, ನೆತ್ತಿಯ ಚರ್ಮದ ಮೇಲಿಂದಲೇ ಮೆದುಳಿಗೆ ವಿದ್ಯುತ್ ಕೊಟ್ಟು ಕೈಕಾಲಿನ ಸ್ನಾಯು ಮಿಡಿಸಬಹುದೆಂದು ತೋರಿಸಿದರು. ಇಂದು ನಾವು ಎಂಇಪಿ ಎನ್ನುವುದು ಅದರ ಮುಂದುವರಿಕೆ. ನೆತ್ತಿಯ ಎರಡು ಕಡೆ ಸೂಜಿ ಚುಚ್ಚಿ, ಕೆಲವು ನೂರು ವೋಲ್ಟಿನ ಐದಾರು ಮಿಡಿತಗಳನ್ನು ಸಾಲಾಗಿ ಬಿಡುತ್ತಾರೆ. ಒಂದೊಂದು ಮಿಡಿತವೂ ಒಂದು ಮಿಲಿಸೆಕೆಂಡಿಗಿಂತ ಚಿಕ್ಕದು. ಕಾಲಿನ ಸ್ನಾಯುವಿನಲ್ಲಿ ಅಲೆ ಮೂಡಿತೆಂದರೆ ಮೆದುಳಿನಿಂದ ಕಾಲಿನವರೆಗೆ ದಾರಿ ತೆರೆದಿದೆ ಎಂದರ್ಥ. ಇದರ ಜೊತೆಗೆ ಎಸ್‌ಎಸ್‌ಇಪಿ ಎಂಬ ಇನ್ನೊಂದು ಪರೀಕ್ಷೆ: ಮಣಿಕಟ್ಟಿಗೂ ಕಾಲಿನ ಗಿಣ್ಣಿನ ಹಿಂಬದಿಗೂ ಸಣ್ಣ ಕರೆಂಟ್ ಕೊಟ್ಟು, ಸಂದೇಶ ಮೆದುಳಿಗೆ ಮುಟ್ಟಿತೇ ಎಂದು ನೋಡುವುದು. ಒಂದು ಇಳಿಯುವ ದಾರಿಯನ್ನು ಕಾಯುತ್ತದೆ, ಇನ್ನೊಂದು ಏರುವ ದಾರಿಯನ್ನು.

2. ಅಪಾಯ ಅಪರೂಪ ಎಂಬುದನ್ನೂ ಹೇಳಿ, ಇದೆ ಎಂಬುದನ್ನೂ ಹೇಳಿ

ಮ್ಯಾಕ್‌ಡೊನಾಲ್ಡ್ ಎಂಬ ತಜ್ಞರು 2002ರಲ್ಲಿ, ಅಲ್ಲಿಯವರೆಗೆ ಎಂಇಪಿ ಬಳಸಿದ 15,000ಕ್ಕೂ ಹೆಚ್ಚು ಆಪರೇಷನ್‌ಗಳ ಅನುಭವವನ್ನು ಒಟ್ಟುಗೂಡಿಸಿ ನೋಡಿದರು. ನಾಲಿಗೆ, ತುಟಿ ಕಚ್ಚಿಕೊಂಡ ಪ್ರಕರಣ 29. ಹೃದಯದ ಲಯ ತಪ್ಪಿದ್ದು 5. ಫಿಟ್ಸ್ ಬಂದದ್ದೂ 5. ಇಷ್ಟು ದೊಡ್ಡ ಸಂಖ್ಯೆಯ ನಡುವೆ ಐದು ಎಂದರೆ ತೀರಾ ಕಡಿಮೆ. ಆ ಐದನ್ನೂ ಪೂರ್ತಿ ಕರೆಂಟಿನ ತಲೆಗೇ ಕಟ್ಟುವ ಹಾಗಿಲ್ಲ, ಏಕೆಂದರೆ ಬೆನ್ನಿನ ಆಪರೇಷನ್‌ನಲ್ಲಿ ನಾಡಿ ಕೆಡಿಸುವ ಬೇರೆ ಕಾರಣಗಳು ಬೇಕಾದಷ್ಟಿವೆ. ಆಮೇಲಿನ ವರ್ಷಗಳಲ್ಲೂ ವೈದ್ಯಕೀಯ ಪತ್ರಿಕೆಗಳಲ್ಲಿ ಅಲ್ಲೊಂದು ಇಲ್ಲೊಂದು ವರದಿ ಬಂದಿದೆ: ಕರೆಂಟ್ ಬಿಟ್ಟ ಕೂಡಲೇ ನಾಡಿ ನಿಧಾನವಾದದ್ದು, ಕೆಲವು ಸೆಕೆಂಡು ಮಿಡಿತವೇ ನಿಂತದ್ದು.

ಯಾಕೆ ಹೀಗಾಗುತ್ತದೆ? ವೋಲ್ಟೇಜ್ ಏರಿದಂತೆ ಕರೆಂಟ್ ಮೆದುಳಿನ ಮೇಲ್ಪದರದಲ್ಲೇ ನಿಲ್ಲದೆ ಆಳಕ್ಕೆ ಇಳಿಯುತ್ತದೆ. ಹೃದಯವನ್ನು ನಿಧಾನಗೊಳಿಸುವ ವೇಗಸ್ ನರದ ಮೂಲ ಇರುವುದು ಮೆದುಳಿನ ಕಾಂಡದಲ್ಲಿ. ಮುಖ ಮತ್ತು ನೆತ್ತಿಯ ಸಂವೇದನೆ ಹೊರುವ ಟ್ರೈಜೆಮಿನಲ್ ನರ ಕೆರಳಿದರೂ ವೇಗಸ್ ಮೂಲಕ ಹೃದಯ ತಗ್ಗುತ್ತದೆ. ಇವು ವಿವರಣೆಗಳೇ ಹೊರತು ಪೂರ್ತಿ ಸಾಬೀತಾದವಲ್ಲ. ಆದರೆ ಓಟಿಯಲ್ಲಿ ನಾವು ಕಾಣುವುದು ಈ ವಿವರಣೆಗಳಿಗೆ ಚೆನ್ನಾಗಿ ಹೊಂದುತ್ತದೆ.

3. ಕಣ್ಣಿಗಿಂತ ಮೊದಲು ಕಿವಿ ಕೇಳಲಿ

ಪಿರಿಯಾಪಟ್ಟಣದ ಕಡೆಯ ಒಬ್ಬ ರೈತರು, ಐವತ್ತರ ಆಸುಪಾಸು. ತೆಂಗಿನ ಮರದಿಂದ ಬಿದ್ದು ಬೆನ್ನಿನ ನಡುಮಧ್ಯದ ಮೂಳೆ ಕುಸಿದಿತ್ತು. ಕಾಲಿನಲ್ಲಿ ಶಕ್ತಿ ಅರ್ಧದಷ್ಟು ಉಳಿದಿತ್ತು, ಅದನ್ನು ಉಳಿಸಿಕೊಳ್ಳಲೆಂದೇ ಆಪರೇಷನ್. ಬೋರಲು ಮಲಗಿಸಿದ್ದೆವು. ನಾಡಿ 64 ಇತ್ತು. ಸ್ಕ್ರೂ ಹಾಕಿ ಮುಗಿದ ಮೇಲೆ ಟೆಕ್ನಿಷಿಯನ್ "ಸ್ಟಿಮ್ಯುಲೇಷನ್" ಎಂದು ಹೇಳಿ ಕರೆಂಟ್ ಬಿಟ್ಟರು. ಮೈ ಒಮ್ಮೆ ಜಗ್ಗಿತು. ಅಲೆ ಚಿಕ್ಕದಾಗಿ ಬಂತು. ವೋಲ್ಟೇಜ್ ಏರಿಸಿ ಮತ್ತೊಮ್ಮೆ ಬಿಟ್ಟರು.

ಬೆರಳಿಗೆ ಸಿಕ್ಕಿಸಿದ ಆಕ್ಸಿಮೀಟರ್ ಪ್ರತಿ ಮಿಡಿತಕ್ಕೂ ಪೀಪ್ ಎನ್ನುತ್ತದೆ. ಆ ಸದ್ದಿನ ನಡುವೆ ಅಂತರ ಹಿಗ್ಗಿತು. ಪೀಪ್... ಪೀಪ್... ಮತ್ತೆ ಸದ್ದೇ ಇಲ್ಲ. ಪರದೆಯ ಮೇಲೆ ಇಸಿಜಿ ಗೆರೆ ಕರೆಂಟಿನ ಗದ್ದಲದಲ್ಲಿ ಇನ್ನೂ ಕುಣಿಯುತ್ತಲೇ ಇತ್ತು, ಆದರೆ ಮಣಿಕಟ್ಟಿನ ಧಮನಿಯಲ್ಲಿ ಹಾಕಿದ ನಳಿಕೆಯ ಅಲೆ ಚಪ್ಪಟೆಯಾಗಿತ್ತು. "ಕರೆಂಟ್ ನಿಲ್ಸಿ, ಸರ್ ಕೈ ತೆಗೀರಿ" ಎಂದೆ. ಇಬ್ಬರೂ ಮರುಮಾತಿಲ್ಲದೆ ನಿಲ್ಲಿಸಿದರು. ಸಿರಿಂಜಿನಲ್ಲಿ ತುಂಬಿಟ್ಟಿದ್ದ 0.6 ಮಿಲಿಗ್ರಾಂ ಅಟ್ರೋಪಿನ್ ಕೊಟ್ಟೆ. ಔಷಧ ಹೃದಯ ತಲುಪುವ ಮೊದಲೇ ಒಂದು ಮಿಡಿತ ಬಂತು, ಹಿಂದೆಯೇ ಇನ್ನೊಂದು. ನಿಮಿಷದೊಳಗೆ ನಾಡಿ 90 ದಾಟಿತು.

ಆಮೇಲೆ ಮಾಡಿದ್ದು ಇದಕ್ಕಿಂತ ಮುಖ್ಯ. ಯಂತ್ರವನ್ನು ಆರಿಸಿ ಪಕ್ಕಕ್ಕಿಡಲಿಲ್ಲ. ನೆತ್ತಿಯ ಸೂಜಿಗಳನ್ನು ನಡುಗೆರೆಗೆ ಹತ್ತಿರ ಸರಿಸಿದೆವು. ಹಾಗೆ ಮಾಡಿದರೆ ದವಡೆಯ ಸೆಳೆತ ಕಡಿಮೆಯಾಗುತ್ತದೆ. ರಕ್ತದೊತ್ತಡ ಏರಿಸಿದೆವು. ಕಡಿಮೆ ವೋಲ್ಟೇಜಿನಿಂದ ಮೆಟ್ಟಿಲು ಮೆಟ್ಟಿಲಾಗಿ ಮೇಲೆ ಹೋದೆವು. ಅಲೆ ಸಿಕ್ಕಿತು, ನಾಡಿ ಕದಲಲಿಲ್ಲ. ಹೃದಯ ಒಮ್ಮೆ ತಡವರಿಸಿತೆಂದು ಹೆದರಿ ಬೆನ್ನುಹುರಿಯನ್ನು ಕಾಯುವುದನ್ನೇ ನಿಲ್ಲಿಸಿದರೆ, ರೋಗಿ ಯಾವುದಕ್ಕಾಗಿ ಟೇಬಲ್ ಹತ್ತಿದರೋ ಅದನ್ನೇ ಕೈಬಿಟ್ಟಂತೆ.

ಆ ಪೀಪ್ ಸದ್ದನ್ನು ಯಾರೂ, ಯಾವ ಕಾರಣಕ್ಕೂ ತಗ್ಗಿಸಬಾರದು. ಓಟಿಯಲ್ಲಿ ಹಾಡು ಹಾಕುವ ರೂಢಿ ಹಲವು ಕಡೆ ಇದೆ, ನನ್ನ ಆಕ್ಷೇಪವಿಲ್ಲ. ಕರೆಂಟ್ ಬಿಡುವಾಗ ಮಾತ್ರ ಅದು ನಿಲ್ಲಬೇಕು.

4. ಪರದೆ ತೋರಿಸಿದ್ದೆಲ್ಲ ಹೃದಯದ್ದಲ್ಲ

ಮೇಲಿನದಕ್ಕೆ ಪೂರಾ ವಿರುದ್ಧವಾದ ಪಾಠವೂ ಇದೆ. ಎಸ್‌ಎಸ್‌ಇಪಿಯಲ್ಲಿ ಸೆಕೆಂಡಿಗೆ ಹತ್ತಿರಹತ್ತಿರ ಐದು ಸಲ ಕರೆಂಟ್ ಹೋಗುತ್ತದೆ. ನಿಮಿಷಕ್ಕೆ ಗುಣಿಸಿದರೆ 300ರ ಆಸುಪಾಸು. ಹೃದಯದ ಮೇಲಿನ ಕೋಣೆಗಳು ವಿಪರೀತ ವೇಗದಲ್ಲಿ ಬಡಿಯುವ ಏಟ್ರಿಯಲ್ ಫ್ಲಟರ್ ಎಂಬ ರೋಗದ ವೇಗವೂ ಸುಮಾರು ಅಷ್ಟೇ! ಇಸಿಜಿ ಗೆರೆಯ ಮೇಲೆ ಈ ಕರೆಂಟಿನ ನೆರಳು ಬಿದ್ದು, ನೋಡುವವರಿಗೆ ಹೃದಯವೇ ಹುಚ್ಚೆದ್ದಂತೆ ಕಾಣುತ್ತದೆ. ಗಾಬರಿಯಾದವರು ಲಯ ತಗ್ಗಿಸುವ ಔಷಧ ಕೊಟ್ಟುಬಿಟ್ಟರೆ ಚೆನ್ನಾಗಿ ಬಡಿಯುತ್ತಿದ್ದ ಹೃದಯ ನಿಜಕ್ಕೂ ಕೆಡುತ್ತದೆ.

ಮಾಡಬೇಕಾದ್ದು ಎರಡೇ. ಆಕ್ಸಿಮೀಟರಿನ ಅಲೆ ಮತ್ತು ಧಮನಿಯ ಅಲೆ ನೋಡಿ; ಅವು ಸಮವಾಗಿದ್ದರೆ ರಕ್ತ ಓಡುತ್ತಿದೆ. ಆಮೇಲೆ ಟೆಕ್ನಿಷಿಯನ್‌ಗೆ ಐದು ಸೆಕೆಂಡು ನಿಲ್ಲಿಸಲು ಹೇಳಿ. ಗೆರೆ ತಿಳಿಯಾದರೆ ಅದು ಯಂತ್ರದ್ದು, ಆಗದಿದ್ದರೆ ರೋಗಿಯದು.

5. ಅಲೆ ಕುಗ್ಗಿದಾಗ ಮೊದಲು ರಕ್ತದೊತ್ತಡ ನೋಡಿ, ಆಮೇಲೆ ವೋಲ್ಟೇಜ್

ಇದನ್ನು ಕಿರಿಯರಿಗೆ ಮತ್ತೆ ಮತ್ತೆ ಹೇಳುತ್ತೇನೆ. ನಾಡಿ ನಿಧಾನವಾದರೆ ರಕ್ತದೊತ್ತಡ ಇಳಿಯುತ್ತದೆ. ಇಳಿದರೆ ಬೆನ್ನುಹುರಿಗೆ ರಕ್ತ ಸಾಲದು, ಎಂಇಪಿ ಅಲೆ ಕುಗ್ಗುತ್ತದೆ. ಅಲೆ ಕುಗ್ಗಿತೆಂದು ಟೆಕ್ನಿಷಿಯನ್ ವೋಲ್ಟೇಜ್ ಏರಿಸುತ್ತಾರೆ, ಅದು ಅವರ ಕೆಲಸ. ಏರಿದ ವೋಲ್ಟೇಜ್ ವೇಗಸ್ ನರವನ್ನು ಇನ್ನಷ್ಟು ಕೆರಳಿಸಿದರೆ ನಾಡಿ ಮತ್ತೂ ಇಳಿಯುತ್ತದೆ. ಸರ್ಜನ್, ಟೆಕ್ನಿಷಿಯನ್, ಅರಿವಳಿಕೆ ವೈದ್ಯರು ಮೂವರೂ ತಮ್ಮ ತಮ್ಮ ಕೆಲಸವನ್ನು ಸರಿಯಾಗಿಯೇ ಮಾಡುತ್ತಿರುತ್ತಾರೆ, ರೋಗಿ ಮಾತ್ರ ಕೆಳಗೆ ಜಾರುತ್ತಿರುತ್ತಾನೆ.

ಈ ಸುತ್ತನ್ನು ಮುರಿಯಬಲ್ಲವರು ಅರಿವಳಿಕೆ ವೈದ್ಯರೇ. ಬೆನ್ನುಹುರಿಗೆ ಮೊದಲೇ ಪೆಟ್ಟಾಗಿದ್ದರೆ ಸರಾಸರಿ ರಕ್ತದೊತ್ತಡ 85ಕ್ಕಿಂತ ಕೆಳಗೆ ಬಿಡದಿರಲು ಪ್ರಯತ್ನಿಸುತ್ತೇವೆ. ಅಲೆ ಕುಗ್ಗಿತು ಎಂಬ ಮಾತು ಕೇಳಿದೊಡನೆ ನಾನು ನೋಡುವುದು ಇವನ್ನೇ: ಒತ್ತಡ ಎಷ್ಟು, ನಾಡಿ ಎಷ್ಟು, ಮೈ ತಣ್ಣಗಾಗಿದೆಯೇ, ರಕ್ತ ಎಷ್ಟು ಹೋಗಿದೆ, ಈಗಷ್ಟೇ ಅರಿವಳಿಕೆಯ ಪ್ರಮಾಣ ಹೆಚ್ಚಿಸಿದೆನೇ. ಇವೆಲ್ಲ ಸರಿಯಿದ್ದರೆ ಮಾತ್ರ ಸರ್ಜನ್ ಕಡೆ ತಿರುಗಿ, ರಾಡ್ ಸ್ವಲ್ಪ ಸಡಿಲಿಸಿ ನೋಡೋಣ ಎನ್ನುತ್ತೇನೆ.

6. ಟಿಬಿ ಮಾತ್ರೆಯ ಚೀಲವನ್ನು ತೆರೆದು ನೋಡದೆ ಕರೆಂಟ್ ಮುಟ್ಟಬೇಡಿ

ನಮ್ಮ ಕಡೆಗೆ ಅತಿ ಮುಖ್ಯವಾದ ಪಾಠ ಇದೇ. ಹೊರದೇಶದ ಪುಸ್ತಕಗಳಲ್ಲಿ ಇದಕ್ಕೆ ಸಿಗುವ ಜಾಗ ತೀರಾ ಕಡಿಮೆ.

ಬೈಲಕುಪ್ಪೆಯ ಟಿಬೆಟನ್ ಶಿಬಿರಗಳು 1960ರ ದಶಕದ ಆರಂಭದಲ್ಲಿ ತಲೆಯೆತ್ತಿದವು. ಸೇರಾ, ನಾಮ್‌ಡ್ರೋಲಿಂಗ್‌ನಂಥ ಮಠಗಳಲ್ಲಿ ಸಾವಿರಾರು ಭಿಕ್ಷುಗಳು, ಹುಡುಗರು ಒಟ್ಟಿಗೆ ಓದುತ್ತಾರೆ, ಒಟ್ಟಿಗೆ ಮಲಗುತ್ತಾರೆ. ಭಾರತದಲ್ಲಿರುವ ಟಿಬೆಟನ್ ಸಮುದಾಯದಲ್ಲಿ ಕ್ಷಯ ಮೊದಲಿಂದಲೂ ಹೆಚ್ಚು, ಸಾಮಾನ್ಯ ಔಷಧಕ್ಕೆ ಬಗ್ಗದ ಕ್ಷಯವೂ ಹೆಚ್ಚು. ಇದು ಅವರ ತಪ್ಪಲ್ಲ. ಇಕ್ಕಟ್ಟಿನ ವಾಸ, ವಲಸೆಯ ಬದುಕು ಎಲ್ಲಿದ್ದರೂ ಕ್ಷಯ ಹಾಗೇ ಹಬ್ಬುತ್ತದೆ. ಸುತ್ತಲಿನ ಹಳ್ಳಿ, ಹಾಡಿಗಳಲ್ಲೂ ಈ ರೋಗ ಇದ್ದೇ ಇದೆ. ಶ್ವಾಸಕೋಶದಿಂದ ರಕ್ತದ ಮೂಲಕ ಬೆನ್ನುಮೂಳೆಗೆ ಇಳಿದಾಗ ಅದು ಮೂಳೆಯನ್ನು ತಿಂದು, ಕೀವು ಕಟ್ಟಿ, ಬೆನ್ನುಹುರಿಯನ್ನು ಒತ್ತುತ್ತದೆ. ಬೆನ್ನುಮೂಳೆಯ ಟಿಬಿ ಬಹುಪಾಲು ಮಾತ್ರೆಯಲ್ಲೇ ವಾಸಿಯಾಗುತ್ತದೆ. ಕಾಲು ಸೋತವರು, ಗೂನು ಏರುತ್ತಿರುವವರು, ಕೀವು ಇಳಿಯದವರು ನಮ್ಮ ಟೇಬಲ್ಲಿಗೆ ಬರುತ್ತಾರೆ.

ಔಷಧಕ್ಕೆ ಬಗ್ಗದ ಟಿಬಿಗೆ ಕೊಡುವ ಬೆಡಾಕ್ವಿಲಿನ್ 2016ರಿಂದ ಸರ್ಕಾರದ ಕಾರ್ಯಕ್ರಮದಲ್ಲೇ ಸಿಗುತ್ತಿದೆ. ಜೀವ ಉಳಿಸುವ ಔಷಧ, ಅದರ ಬಗ್ಗೆ ಎರಡು ಮಾತಿಲ್ಲ. ಆದರೆ ಅದೂ, ಅದರ ಜೊತೆ ಕೊಡುವ ಕ್ಲೊಫಾಜಿಮಿನ್, ಮಾಕ್ಸಿಫ್ಲಾಕ್ಸಾಸಿನ್ ಕೂಡ ಇಸಿಜಿಯಲ್ಲಿ ಕ್ಯೂಟಿ ಎನ್ನುವ ಅವಧಿಯನ್ನು ಉದ್ದ ಮಾಡುತ್ತವೆ. ಹೃದಯ ಒಮ್ಮೆ ಬಡಿದು ಮುಂದಿನ ಬಡಿತಕ್ಕೆ ವಿದ್ಯುತ್ತಿನ ಮಟ್ಟಿಗೆ ಸಜ್ಜಾಗಲು ಹಿಡಿಯುವ ಹೊತ್ತು ಅದು. 500 ಮಿಲಿಸೆಕೆಂಡ್ ದಾಟಿದರೆ ಟೊರ್ಸಾಡ್ ಎಂಬ ಮಾರಕ ಲಯಕ್ಕೆ ಬಾಗಿಲು ತೆರೆದಂತೆ.

ಈಗ ಇದನ್ನು ಮೂರನೆಯ ಪಾಠದ ಜೊತೆ ಜೋಡಿಸಿ ನೋಡಿ. ಟೊರ್ಸಾಡ್ ಹೊತ್ತಿಕೊಳ್ಳುವುದು ಹೆಚ್ಚಾಗಿ ನಾಡಿ ನಿಧಾನವಾದಾಗ, ಒಂದು ಬಡಿತ ತಪ್ಪಿ ಅಂತರ ಹಿಗ್ಗಿದ ಮೇಲಿನ ಬಡಿತದಲ್ಲಿ. ಗಟ್ಟಿ ಹೃದಯದ ರೈತನಿಗೆ ಮೂರ್ನಾಲ್ಕು ಸೆಕೆಂಡಿನ ತಡೆ ಬಂದು ಹೋಗಿಬಿಡಬಹುದು. ತಿಂಗಳುಗಟ್ಟಲೆ ಬೆಡಾಕ್ವಿಲಿನ್ ನುಂಗಿ, ಊಟ ಸೇರದೆ ಸೊರಗಿ, ಪೊಟಾಸಿಯಂ ಇಳಿದಿರುವ ಇಪ್ಪತ್ತರ ಹುಡುಗನಿಗೆ ಅದೇ ತಡೆ ಪ್ರಾಣಕ್ಕೆ ಎರವಾಗಬಹುದು. ಎಂಇಪಿಯ ಅಪಾಯ ಎಲ್ಲರಿಗೂ ಒಂದೇ ಅಲ್ಲ ಎಂದು ನಾನು ಹೇಳುವುದು ಈ ಕಾರಣಕ್ಕೆ.

ಆಪರೇಷನ್‌ಗೆ ಎರಡು ದಿನ ಮುಂಚೆ ಮಾತ್ರೆ ನಿಲ್ಲಿಸಿದರಾಯಿತು ಎಂದುಕೊಳ್ಳುವವರಿದ್ದಾರೆ. ಬೆಡಾಕ್ವಿಲಿನ್ ಮೈಯಿಂದ ಅರ್ಧದಷ್ಟು ಇಳಿಯಲು ಐದು ತಿಂಗಳಿಗೂ ಹೆಚ್ಚು ಬೇಕು. ನಿಲ್ಲಿಸಿ ಪ್ರಯೋಜನವಿಲ್ಲ, ರೋಗಕ್ಕೆ ಮಾತ್ರ ಲಾಭ. ಅದರ ಬದಲು ಇಷ್ಟು ಮಾಡಿ: ಹೊಸ ಇಸಿಜಿ ತೆಗೆಸಿ, ಹಳೆಯದರ ಜೊತೆ ಇಟ್ಟು ನೋಡಿ. ಪೊಟಾಸಿಯಂ, ಮೆಗ್ನೀಸಿಯಂ ಪರೀಕ್ಷಿಸಿ ಸರಿಪಡಿಸಿ. ಅಮಿಕಾಸಿನ್ ಇಂಜೆಕ್ಷನ್ ತೆಗೆದುಕೊಂಡವರಲ್ಲಿ ಇವೆರಡೂ ಇಳಿದಿರುವ ಸಾಧ್ಯತೆ ಹೆಚ್ಚು. ವಾಂತಿಗೆಂದು ರೂಢಿಯಲ್ಲಿ ಕೊಡುವ ಆಂಡಾನ್ಸೆಟ್ರಾನ್ ಕೂಡ ಕ್ಯೂಟಿಯನ್ನು ಎಳೆಯುತ್ತದೆ, ಬಿಟ್ಟುಬಿಡಿ. 2 ಗ್ರಾಂ ಮೆಗ್ನೀಸಿಯಂ ಸಲ್ಫೇಟ್ ಸಿರಿಂಜಿನಲ್ಲಿ ಸಿದ್ಧವಿರಲಿ. ಟಿಬಿ ವೈದ್ಯರಿಗೆ ಒಂದು ಫೋನ್ ಮಾಡಿ.

ಬೇರೆ ಪದ್ಧತಿಯ ಔಷಧವನ್ನೂ ಕೇಳಬೇಕು. ಶಿಬಿರಗಳಲ್ಲಿ ಟಿಬೆಟನ್ ವೈದ್ಯದ ಗುಳಿಗೆ, ಹಳ್ಳಿಗಳಲ್ಲಿ ನಾಟಿ ಔಷಧ. ಸರಿಯಾಗಿ ಶುದ್ಧಿಯಾಗದ ವತ್ಸನಾಭಿ ಎಂಬ ಬೇರು ಹೃದಯದ ಲಯ ಕೆಡಿಸುತ್ತದೆಂಬುದು ಆಯುರ್ವೇದದವರಿಗೇ ಚೆನ್ನಾಗಿ ಗೊತ್ತು. ಗದರಿಸುವ ದನಿಯಲ್ಲಿ ಕೇಳಿದರೆ ಯಾರೂ ಹೇಳುವುದಿಲ್ಲ. "ಅಮಾಲಾ (ಅಮ್ಮಾ), ನೀವು ಏನೇನು ತಗೊಳ್ತೀರೋ ಎಲ್ಲಾ ತನ್ನಿ, ನಾನು ಬೇಡ ಅನ್ನೋದಕ್ಕಲ್ಲ, ತಿಳ್ಕೊಳ್ಳೋದಕ್ಕೆ" ಎಂದರೆ ಚೀಲ ಬಿಚ್ಚಿಕೊಳ್ಳುತ್ತದೆ. ಶಿಬಿರದ ಹಿರಿಯರಲ್ಲಿ ಎಷ್ಟೋ ಜನ ನಮ್ಮಷ್ಟೇ ಸಲೀಸಾಗಿ ಕನ್ನಡ ಮಾತಾಡುತ್ತಾರೆ. ಹೊಸದಾಗಿ ಬಂದ ಎಳೆಯ ಭಿಕ್ಷುಗಳಿಗೆ ಮಾತ್ರ ಜೊತೆಯಲ್ಲಿ ಒಬ್ಬರು ಬೇಕು.

7. ನಾಡಿ ಇಳಿದರೆ ಕರೆಂಟೊಂದನ್ನೇ ದೂರಬೇಡಿ

ಎಂಇಪಿ ಬೇಕೆಂದರೆ ಸ್ನಾಯು ಸಡಿಲಿಸುವ ಔಷಧವನ್ನು ಮುಂದುವರಿಸುವಂತಿಲ್ಲ, ಉಸಿರಿನ ಜೊತೆ ಹೋಗುವ ಅರಿವಳಿಕೆ ಗ್ಯಾಸನ್ನೂ ಧಾರಾಳವಾಗಿ ಬಳಸುವಂತಿಲ್ಲ. ಎರಡೂ ಅಲೆಯನ್ನು ಅಳಿಸುತ್ತವೆ. ಹಾಗಾಗಿ ರಕ್ತನಾಳದ ಮೂಲಕವೇ ಪ್ರೊಪೊಫಾಲ್, ಫೆಂಟನಿಲ್ ಥರದವು, ಕೆಲವೊಮ್ಮೆ ಡೆಕ್ಸ್‌ಮೆಡಿಟೊಮಿಡಿನ್. ಇವೆಲ್ಲ ನಾಡಿಯನ್ನು ಇಳಿಸುವಂಥವೇ. ರೋಗಿ ಬಿಪಿಗೆಂದು ಮೆಟೊಪ್ರೊಲಾಲ್ ಅಥವಾ ಅಟೆನೊಲಾಲ್ ನುಂಗುತ್ತಿದ್ದರೆ ಇನ್ನೂ ಒಂದು ಕೈ ಮೇಲೆ. ಹೀಗೆ ಎಲ್ಲ ಸೇರಿ 50ಕ್ಕೆ ತಂದಿಟ್ಟ ಹೃದಯಕ್ಕೆ ಕರೆಂಟಿನದು ಕೊನೆಯ ತಳ್ಳು.

ಸರ್ಜನ್ ಕೈಯಿಂದಲೂ ಆಗುತ್ತದೆ. ಬೆನ್ನುಹುರಿಯ ಹೊದಿಕೆ ಎಳೆದಾಗ, ಕುತ್ತಿಗೆಯ ಮುಂಭಾಗದ ಆಪರೇಷನ್‌ನಲ್ಲಿ ಕೆರೊಟಿಡ್ ಧಮನಿ ಒತ್ತಿದಾಗ ನಾಡಿ ಇಳಿಯುತ್ತದೆ. ಬೋರಲು ಮಲಗಿದವರ ಕಣ್ಣುಗುಡ್ಡೆ ಒತ್ತಿಕೊಂಡರೂ ಇಳಿಯುತ್ತದೆ. ಎದೆಮಟ್ಟದ ಆರನೇ ಮೂಳೆಗಿಂತ ಮೇಲೆ ಬೆನ್ನುಹುರಿಗೆ ಹಳೆಯ ಪೆಟ್ಟಾಗಿದ್ದರೆ ಒತ್ತಡ ಒಮ್ಮೆಲೇ ಏರಿ ನಾಡಿ ಕುಸಿಯಬಹುದು. ಕಾಲು ಸೋತು ದಿನಗಳಾದವರಿಗೆ ಸ್ನಾಯು ಸಡಿಲಿಸುವ ಸಕ್ಸಮೆಥೋನಿಯಂ ಕೊಟ್ಟರೆ ಪೊಟಾಸಿಯಂ ಚಿಮ್ಮಿ ಹೃದಯವೇ ನಿಲ್ಲಬಹುದು. ಕುಸಿದು ಎರಡು ಮೂರು ದಿನ ದಾಟಿದವರಿಗೆ ಅದು ಬೇಡವೇ ಬೇಡ.

8. ಬೆನ್ನು ವಾಲಿದ ಮಗುವಿನ ಎದೆಗೂ ಸ್ಕ್ಯಾನ್ ಆಗಲಿ

ಹುಟ್ಟಿನಿಂದಲೇ ಬೆನ್ನುಮೂಳೆ ಸರಿಯಾಗಿ ರೂಪುಗೊಳ್ಳದ ಮಕ್ಕಳಲ್ಲಿ ಹೃದಯದ ದೋಷವೂ ಜೊತೆಗಿರುವುದು ಹೆಚ್ಚು, ಏಕೆಂದರೆ ಗರ್ಭದಲ್ಲಿ ಎರಡೂ ರೂಪುಗೊಳ್ಳುವುದು ಹೆಚ್ಚುಕಡಿಮೆ ಒಂದೇ ಹೊತ್ತಿಗೆ. ಸ್ನಾಯು ಕ್ಷಯಿಸುವ ಡುಶೆನ್ ರೋಗದ ಹುಡುಗರಲ್ಲಿ ಹೃದಯದ ಸ್ನಾಯುವೂ ಸೋತಿರುತ್ತದೆ. ಜಯದೇವ ಆಸ್ಪತ್ರೆ ಮೈಸೂರಿನಲ್ಲೇ ಇರುವಾಗ ಎಕೋ ಮಾಡಿಸದೆ ಇಂಥ ಮಗುವನ್ನು ಟೇಬಲ್ಲಿಗೆ ತರಲು ಯಾವ ನೆಪವೂ ಇಲ್ಲ.

9. ಪೇಸ್‌ಮೇಕರ್ ಇದ್ದರೆ ಕಾರ್ಡ್ ತನ್ನಿ

ಪೇಸ್‌ಮೇಕರ್ ಹೊರಗಿನ ಕರೆಂಟನ್ನು ಹೃದಯದ ಮಿಡಿತವೆಂದು ತಿಳಿದು ತಾನು ಸುಮ್ಮನಾಗಿಬಿಡಬಹುದು. ಎದೆಯಲ್ಲಿ ಶಾಕ್ ಕೊಡುವ ಯಂತ್ರ ಕೂರಿಸಿಕೊಂಡವರಿಗೆ ಕಾರಣವಿಲ್ಲದೆ ಶಾಕ್ ಹೊಡೆಯಬಹುದು. ಹಾಗೆಂದು ಆಪರೇಷನ್ ಆಗದು ಎಂದಲ್ಲ. ಯಂತ್ರದ ವಿವರವಿರುವ ಕಾರ್ಡ್ ನೋಡಿ, ಹೃದ್ರೋಗ ತಜ್ಞರ ಜೊತೆ ಮಾತಾಡಿ, ಯಂತ್ರದ ಸೆಟ್ಟಿಂಗ್ ತಾತ್ಕಾಲಿಕವಾಗಿ ಬದಲಿಸಿ, ಎಂಇಪಿ ನಿಜವಾಗಿ ಬೇಕೇ ಎಂದು ತೂಗಿ ನೋಡಬೇಕು. ಬೇಡವೆನಿಸಿದರೆ ಹಳೆಯ ಎಬ್ಬಿಸುವ ಪರೀಕ್ಷೆ ಇದೆ.

10. ಮಗುಚಲು ಹಾಸಿಗೆ ಬಾಗಿಲಲ್ಲೇ ಇರಲಿ

ಬೋರಲು ಮಲಗಿದವರ ಹೃದಯ ನಿಂತರೆ ಎದೆ ಒತ್ತುವುದು ಹೇಗೆ? ಬೆನ್ನು ತೆರೆದಿದೆ, ಮೂಳೆಗೆ ಸ್ಕ್ರೂ ಹೊಕ್ಕಿದೆ, ಕೆಳಗೆ ದಿಂಬು. ಆ ಗಳಿಗೆಯಲ್ಲಿ ಯೋಚಿಸಲು ಕುಳಿತರೆ ಆಗುವುದಿಲ್ಲ. ಆದ್ದರಿಂದ ಬೋರಲು ಮಲಗಿಸುವ ಮೊದಲೇ ಡಿಫಿಬ್ರಿಲೇಟರಿನ ಅಂಟುಪಟ್ಟಿಗಳನ್ನು ಎದೆಗೂ ಪಕ್ಕೆಗೂ ಅಂಟಿಸುತ್ತೇವೆ; ಅಪಾಯ ಹೆಚ್ಚಿರುವವರಿಗಂತೂ ತಪ್ಪದೆ. ಸ್ಟ್ರೆಚರ್ ಓಟಿಯ ಬಾಗಿಲ ಹೊರಗೇ ನಿಂತಿರಬೇಕು, ಬೇರೆ ರೋಗಿಯನ್ನು ತರಲು ಅದನ್ನು ಒಯ್ಯುವಂತಿಲ್ಲ. ಅಟ್ರೋಪಿನ್, ಅಡ್ರಿನಲಿನ್ ಸಿರಿಂಜಿನಲ್ಲಿ, ಹೆಸರು ಬರೆದ ಚೀಟಿಯೊಂದಿಗೆ. ಮಗುಚುವುದು ತಡವಾಗುವಂತಿದ್ದರೆ ಬೋರಲಿನಲ್ಲೇ ಬೆನ್ನಿನ ಮೇಲೆ, ಹೆಗಲ ಮೂಳೆಗಳ ನಡುವೆ ಗಾಯದ ಪಕ್ಕಕ್ಕೆ ಅಂಗೈ ಇಟ್ಟು ಒತ್ತಲು ಶುರುಮಾಡಬೇಕು. ಹಾಗೆ ಒತ್ತಿಯೇ ಬದುಕಿಸಿದ ಉದಾಹರಣೆಗಳು ವೈದ್ಯಕೀಯ ಬರಹಗಳಲ್ಲಿವೆ.

ಬಾಯಿಯ ಎರಡೂ ಪಕ್ಕ, ದವಡೆ ಹಲ್ಲುಗಳ ನಡುವೆ ಗಾಜ್ ಬಟ್ಟೆಯ ಮೆತ್ತನೆ ಸುರುಳಿ ಇಡಿ. ಅದು ನಾಲಿಗೆಗೆ ಮಾತ್ರವಲ್ಲ. ದವಡೆ ಬಿಗಿದು ಉಸಿರಿನ ಕೊಳವೆಯನ್ನೇ ಕಚ್ಚಿ ಹಿಡಿದರೆ ಆಕ್ಸಿಜನ್ ಇಳಿದು ಹೃದಯ ತಗ್ಗುತ್ತದೆ. ಆಗ ಕರೆಂಟಿನಿಂದ ಆಯಿತೆಂದು ಹುಡುಕುತ್ತ ಕೂರುತ್ತೇವೆ.

11. ಕರೆಂಟ್ ಬಿಡುವ ಮುಂಚೆ ಬಾಯಿಬಿಟ್ಟು ಹೇಳಿ

"ಬಿಡ್ತಾ ಇದ್ದೀನಿ" ಎಂದು ಟೆಕ್ನಿಷಿಯನ್. "ಕೈ ಮೇಲಿದೆ" ಎಂದು ಸರ್ಜನ್. "ನಾಡಿ ಎಪ್ಪತ್ತು, ಬಿಡಿ" ಎಂದು ನಾನು. ಮೂರು ಮಾತು, ಮೂರು ಸೆಕೆಂಡು. ಟೆಕ್ನಿಷಿಯನ್ ಎಷ್ಟೇ ಕಿರಿಯರಾಗಿರಲಿ, ನಾನು "ಬಿಡಿ" ಎನ್ನುವವರೆಗೆ ಗುಂಡಿ ಒತ್ತಬಾರದು. ನಾನು "ನಿಲ್ಸಿ" ಎಂದರೆ ಸರ್ಜನ್ ಎಷ್ಟೇ ಹಿರಿಯರಾಗಿರಲಿ, ಕೈ ತೆಗೆಯಬೇಕು. ಈ ಕರಾರನ್ನು ಆಪರೇಷನ್ ಶುರುವಾಗುವ ಮೊದಲೇ ಮಾಡಿಕೊಳ್ಳುತ್ತೇವೆ.

12. ಮನೆಯವರಿಗೆ ಮುಚ್ಚಿಡಬೇಡಿ

ಹುಣಸೂರು ಬಳಿಯ ಹಳ್ಳಿಯೊಂದರ ತಾಯಿ, ಮಗಳ ಬೆನ್ನಿನ ಆಪರೇಷನ್‌ಗೆ ಹಿಂದಿನ ಸಂಜೆ ಕೇಳಿದರು: "ಡಾಕ್ಟ್ರೇ, ತಲೆಗೆ ಕರೆಂಟ್ ಕೊಡ್ತೀರಂತಲ್ಲಾ. ನನ್ ಮಗಳ್ ಎದೆ ತಡೀತದಾ?"

"ತಡೀತದೆ ಕಣವ್ವ. ಸಾವಿರಾರು ಜನಕ್ಕೆ ಕೊಟ್ರೆ ಯಾರೋ ಒಬ್ರಿಗೆ ನಾಡಿ ತಪ್ತದೆ. ಅದಕ್ಕೇ ನಾನು ತಲೆ ಪಕ್ಕದಲ್ಲೇ ಕೂತಿರ್ತೀನಿ. ಕರೆಂಟ್ ಕೊಡ್ದೇ ಹೋದ್ರೆ ಕಾಲು ಹೋದ್ರೂ ನಮ್ಗೆ ಗೊತ್ತಾಗಲ್ಲ."

ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು: "ಅವಳ ದೊಡ್ಡಪ್ಪ ಗದ್ದೇಲಿ ನಿಂತ್ಕಂಡಿದ್ದೋನು ಹಂಗೇ ಹೋಗ್ಬಿಟ್ಟ, ಮೂವತ್ತಾಗಿರ್ಲಿಲ್ಲ. ಅದು ಏನಾರಾ ಬೇಕಾಗ್ತದಾ ನಿಮ್ಗೆ?"

ಬೇಕಾಗಿತ್ತು. ಚಿಕ್ಕ ವಯಸ್ಸಿನಲ್ಲಿ ಕಾರಣವಿಲ್ಲದೆ ಸತ್ತವರು ಮನೆಯಲ್ಲಿದ್ದರೆ ವಂಶದಲ್ಲೇ ಕ್ಯೂಟಿ ದೋಷ ಇರಬಹುದು. ಆ ಹುಡುಗಿಗೆ ಆಪರೇಷನ್ ಒಂದು ವಾರ ಮುಂದೆ ಹೋಯಿತು, ಹೃದಯದ ಪರೀಕ್ಷೆಗಳೆಲ್ಲ ಆದವು. ಅವು ಸರಿಯಾಗಿದ್ದವು, ಆಪರೇಷನ್ ಸುಸೂತ್ರವಾಗಿ ಆಯಿತು. ನಮ್ಮ ಫಾರಂನಲ್ಲಿ ಆ ಪ್ರಶ್ನೆ ಅಚ್ಚಾಗಿತ್ತು, ಉತ್ತರದ ಜಾಗದಲ್ಲಿ "ಇಲ್ಲ" ಎಂದೂ ಬರೆದಿತ್ತು. ಅಪಾಯವನ್ನು ಬಿಡಿಸಿ ಹೇಳಿದ ಮೇಲೆಯೇ ಆ ತಾಯಿಗೆ ನೆನಪಾದದ್ದು.

ಆದ್ದರಿಂದ ಬೆನ್ನಿನ ಆಪರೇಷನ್‌ಗೆ ಮನೆಯವರನ್ನು ಕರೆದುಕೊಂಡು ಹೊರಟವರಲ್ಲಿ ನನ್ನ ಕೋರಿಕೆ: ಟಿಬಿ ಮಾತ್ರೆ, ಬಿಪಿ ಮಾತ್ರೆ, ಗುಳಿಗೆ, ನಾಟಿ ಔಷಧ ಏನಿದ್ದರೂ ಒಂದೇ ಚೀಲಕ್ಕೆ ಹಾಕಿ ತನ್ನಿ. ಹಳೆಯ ಇಸಿಜಿ ಇದ್ದರೆ ಮಡಚಿ ಅದರಲ್ಲೇ ಇಡಿ. ರೋಗಿ ಎಂದಾದರೂ ಎಚ್ಚರ ತಪ್ಪಿ ಬಿದ್ದಿದ್ದರೆ, ಫಿಟ್ಸ್ ಬಂದಿದ್ದರೆ, ಮನೆಯಲ್ಲಿ ಯಾರಾದರೂ ಚಿಕ್ಕ ವಯಸ್ಸಿಗೇ ಹಠಾತ್ತನೆ ತೀರಿಕೊಂಡಿದ್ದರೆ, ನಾವು ಕೇಳಲಿ ಎಂದು ಕಾಯಬೇಡಿ. ಅರಿವಳಿಕೆ ಡಾಕ್ಟರು ಯಾರು ಎಂದು ವಿಚಾರಿಸಿ, ಅವರನ್ನೇ ಹುಡುಕಿಕೊಂಡು ಬಂದು ಹೇಳಿ.